ಶೇಷತ್ತೆಯ ಮಡಿ, ಹುಣಸೆಮರದ ಕೊಕ್ಕರೆ

ಇವತ್ತು ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಅಂಗೈಯಗಲ ಬಿಳಿ ಹಿಕ್ಕೆ, ಪಕ್ಕದಲ್ಲೊಂದು ಅರ್ಧ ಮೀನು. ನಾತಕ್ಕೆ ಮೂಗು ಮುಚ್ಚಿಕೊಂಡು ನಿಂತಿದ್ದಾಗಲೇ ಎದುರುಮನೆಯವರು ಕಾಗದ ಹಿಡಿದು ಬಂದರು. ನಮ್ಮ ಅಂಗಳದ ಹುಣಸೆಮರ ಕಡಿಸಲು ನನ್ನ ಸಹಿ ಬೇಕಂತೆ. ಕೊಕ್ಕರೆ ಗೂಡುಗಳಲ್ಲಿ ಮರಿಗಳಿವೆಯಲ್ಲ ಎಂದೆ.

"ಅವೇನ್ರಿ ಸಾರ್, ಬ್ಯಾರೆ ಕಡಿ ಹೋಗ್ತಾವ."

ರೆಕ್ಕೆ ಬಲಿಯದ ಮರಿ ಎಲ್ಲಿಗೆ ಹೋದೀತು, ನೀವೇ ಹೇಳಿ. ಮೈ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು, ನನ್ನ ಕೈ ಆಗಲೇ ಜೇಬಿನ ಪೆನ್ನಿಗೆ ಹೋಗಿತ್ತಲ್ಲ ಎಂದು.

ಬಣ್ಣದ ಕೊಕ್ಕರೆಯನ್ನು ಒಮ್ಮೆ ಕಣ್ತುಂಬ ನೋಡಿ. ಸೊಂಟದೆತ್ತರದ ಬಿಳಿ ಹಕ್ಕಿ, ಕಪ್ಪು ರೆಕ್ಕೆ, ಹಳದಿ ಕೊಕ್ಕು, ಹಿಂದೆ ಕುಂಕುಮ ಚೆಲ್ಲಿದಂಥ ಗುಲಾಬಿ ಗರಿ. ಕೆರೆಯ ರಾಡಿಯಲ್ಲಿ ಅರೆತೆರೆದ ಕೊಕ್ಕು ಅದ್ದಿ ನಡೆಯುತ್ತದೆ. ಮೀನು ತಾಗಿದ್ದೇ ತಡ, ಕಚ್ಚುತ್ತದೆ. ಮಧ್ಯಾಹ್ನ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿಯುತ್ತದೆ. ಆದೋನಿಯ ಬಿಸಿಲಲ್ಲಿ ಇದು ಸಣ್ಣ ಮಾತಲ್ಲ. ಪಾಪ, ಅದಕ್ಕೆ ಕೂಗಲೂ ಬಾರದು. ಕೊಕ್ಕು ಕಟಕಟಿಸುತ್ತದೆ, ಅಷ್ಟೆ.

ಅಪ್ಪನ ಅಕ್ಕ ಶೇಷತ್ತೆಗೆ ಈ ಹಕ್ಕಿಗಳನ್ನು ಕಂಡರಾಗುತ್ತಿರಲಿಲ್ಲ. ಮಡಿಯುಟ್ಟು ಬಾವಿಯಿಂದ ನೀರು ತರುವಾಗ ಒಂದು ಹನಿ ಹಿಕ್ಕೆ ಬಿದ್ದರೂ ಮತ್ತೆ ಸ್ನಾನ, ಮತ್ತೆ ಬೇರೆ ಸೀರೆ, ಅಡುಗೆ ಮೊದಲಿನಿಂದ. ಹಸಿದ ನಾವೂ ಅವಳ ಜೊತೆ ಸೇರಿ ಬೈಯುತ್ತಿದ್ದೆವು.

ಒಂದು ಬೇಸಿಗೆ, ಪಕ್ಕದ ಹತ್ತಿ ವ್ಯಾಪಾರಿಯ ಮಗಳ ಮದುವೆ. ಚಪ್ಪರದ ಮೇಲೆ ಚಾಚಿದ್ದ ಇದೇ ಹುಣಸೆಮರದ ಕೊಂಬೆಗಳನ್ನು ಗೂಡುಗಳ ಸಮೇತ ಕಡಿಸಲು ಅಪ್ಪ ಒಪ್ಪಿಬಿಟ್ಟರು. ಕೊಡಲಿಯವನೂ ಬಂದ. ಅತ್ತೆಗೆ ಖುಷಿಯಾದೀತು ಎಂದುಕೊಂಡರೆ, ಮಡಿಸೀರೆಯಲ್ಲೇ ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತಳು.

"ನಾ ಮಡಿಯೊಳಗ ಅದೀನಿ. ಯಾರೂ ಮುಟ್ಟಬ್ಯಾಡ್ರಿ."

ಒಡಹುಟ್ಟಿದ ತಮ್ಮನೂ ಮುಟ್ಟುವಂತಿಲ್ಲ! ಅಪ್ಪ ಬೇಡಿಕೊಂಡರು, ಗದರಿದರು. ಬಿಸಿಲೇರಿತು. ಅಷ್ಟರಲ್ಲಿ ಮೇಲಿಂದ ಧಪ್ಪೆಂದು ಅವಳ ಹೆಗಲ ಮೇಲೆಯೇ ಹಿಕ್ಕೆ ಬಿತ್ತು. ನಾನು ನಾಚಿಕೆಯಿಲ್ಲದೆ ನಕ್ಕೆ. ಮಡಿ ಕೆಟ್ಟಿತಲ್ಲ, ಇನ್ನು ಒಳಗೆ ನಡಿ ಅಂದರು ಅಪ್ಪ.

ಅತ್ತೆ ಹೆಗಲನ್ನೂ ಒರೆಸಿಕೊಳ್ಳಲಿಲ್ಲ.

"ಇವು ಹಾಕಿದ್ರ ಮಡಿ ಕೆಡಂಗಿಲ್ಲ."

ಚಪ್ಪರವೇ ಆಚೆ ಸರಿಯಿತು. ಆ ಮಾತಿಗೆ ಅತ್ತೆ ಸಾಯುವತನಕ ಕಟ್ಟುಬಿದ್ದಳು; ಹಿಕ್ಕೆ ಬಿದ್ದರೆ ಒರೆಸಿಕೊಂಡು ಹಾಗೇ ದೇವರಿಗೆ ನೈವೇದ್ಯ ಇಡುತ್ತಿದ್ದಳು. ಹುಟ್ಟಿದಾಗಿನಿಂದ ಪಾಲಿಸಿದ್ದನ್ನು ಅವಳು ಬಿಟ್ಟುಕೊಟ್ಟಳು. ನಮಗೋ, ಒಂದು ಗಾಜು ಹೊಲಸಾದರೆ ಮರವೇ ಉರುಳಬೇಕು!

ಸಹಿ ಹಾಕದೆ ಕಾಗದ ಹಿಂತಿರುಗಿಸಿದೆ. ಬಕೆಟ್ ತಂದು ಗಾಜು ತೊಳೆದು, ಕಾರನ್ನು ಅಲ್ಲೇ ಬಿಟ್ಟೆ. ದಿನಾ ಹೀಗೆ ಬಿದ್ದರೆ ಕಾರು ಕೆಡುತ್ತದೆಂದು ಎದುರುಮನೆಯವರು ಗೊಣಗಿದರು.

"ಇವು ಹಾಕಿದ್ರ ಕೆಡಂಗಿಲ್ರಿ" ಎಂದೆ.