ಗೈಡು ಬೇಡ ಎಂದವನು ನಾನೇ

ತೊಂಬತ್ತರ ದಶಕದ ಕೊನೆಯಲ್ಲಿ ಬಿಕ್ಕೋಡಿನ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿದ್ದೆ. ಗೈಡು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಪಠ್ಯಪುಸ್ತಕ ಮನೆಯಲ್ಲಿಟ್ಟು, ಪ್ರಶ್ನೆ ಉತ್ತರ ಎರಡನ್ನೂ ಅಚ್ಚು ಹಾಕಿದ ಆ ದಪ್ಪ ಪುಸ್ತಕವನ್ನೇ ಹೊತ್ತು ಬರುತ್ತಿದ್ದವರ ಕೈಯಿಂದ ಅದನ್ನು ಕಿತ್ತು ಎಸೆದದ್ದೂ ಉಂಟು.

ಹತ್ತನೇ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ತಾಯಿ ಕಾಫಿ ತೋಟದ ಕೂಲಿ. ಮಗಳು ಪಾಸಾದರೆ ಬೇಲೂರಿನ ಕಾಲೇಜು, ಫೇಲಾದರೆ ತನ್ನ ಜೊತೆ ತೋಟ ಎಂದು ಆಕೆ ಮೊದಲೇ ತೀರ್ಮಾನಿಸಿಬಿಟ್ಟಿದ್ದಳು. ಒಂದು ದಿನ ಸ್ಕೂಲಿಗೆ ಬಂದು, ಒಂದೇ ಒಂದು ಪುಸ್ತಕ ಕೊಳ್ಳಲು ಆಗುತ್ತದೆ, ಯಾವುದು ಒಳ್ಳೆಯದೋ ನೀವೇ ತಂದುಕೊಡಿ ಎಂದಳು. ಎಲ್ಲರೂ ಗೈಡ್ ತಗೊಂಡವ್ರೆ ಸಾ ಎಂದು ಮಗಳು ಮೆಲ್ಲಗೆ ಹೇಳಿದಳು. ಎಲ್ಲರೂ ಬಾವಿಗೆ ಬಿದ್ದರೆ ನೀನೂ ಬೀಳ್ತೀಯಾ ಎಂದು ಗದರಿದೆ.

ಶನಿವಾರ ಬಾಣಾವರದ ಮನೆಗೆ ಹೋಗುವಾಗ ಅರಸೀಕೆರೆಯಲ್ಲಿ ಇಳಿದು, ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಹುಡುಕಿ ಹುಡುಕಿ, ಮನೆಯ ಪಾತ್ರೆಗಳಲ್ಲೇ ಮಾಡಬಹುದಾದ ಪ್ರಯೋಗಗಳ ಪುಸ್ತಕವೊಂದನ್ನು ಆರಿಸಿದೆ. ಹುಡುಗಿ ಅದನ್ನು ಬರೀ ಓದಲಿಲ್ಲ, ಒಂದೊಂದನ್ನೂ ಮಾಡಿ ನೋಡಿದಳು. ಮಡಕೆಯ ನೀರು ಯಾಕೆ ತಣ್ಣಗಿರುತ್ತೆ ಎಂದು ಕೇಳಿದರೆ, "ಮಡ್ಕೆ ಬೆವರ್ತದೆ ಸಾ. ಆ ಬೆವರು ಆವಿಯಾಗೋವಾಗ ಒಳಗಿನ್ ಬಿಸೀನೂ ತಗೊಂಡೋಯ್ತದೆ" ಎಂದಳು. ಅಷ್ಟು ಚೆನ್ನಾಗಿ ಹೇಳಿದವರನ್ನು ನಾನಂತೂ ಕಾಣೆ. ಹಿಗ್ಗಿಹೋದೆ. ಪರೀಕ್ಷೆಯಲ್ಲೂ ಹೀಗೇ ನಿನ್ನ ಮಾತಲ್ಲೇ ಬರಿ ಎಂದೆ.

ಪರೀಕ್ಷೆ ಮುಗಿದ ಮೇಲೆ ನನ್ನನ್ನು ಬೇರೆ ಜಿಲ್ಲೆಯ ಉತ್ತರಪತ್ರಿಕೆ ತಿದ್ದಲು ಹಾಕಿದರು. ಅಲ್ಲಿ ಕೈಗೆ ಕೊಟ್ಟ ಮಾದರಿ ಉತ್ತರ ನೋಡಿ ದಂಗಾದೆ. ಅಕ್ಷರ ಬಿಡದೆ ಗೈಡಿನದೇ! ಯಾವುದೋ ಮಗು ಸ್ವಂತ ಮಾತಲ್ಲಿ ಸರಿಯಾಗಿಯೇ ಬರೆದಿತ್ತು. ಅಂಕ ಕೊಡಲೇ ಎಂದು ಮೇಲ್ವಿಚಾರಕರನ್ನು ಕೇಳಿದೆ.

"ಇದರಲ್ಲಿರೋ ವಾಕ್ಯ ಇದ್ರೆ ಹಾಕಿ, ಇಲ್ಲಾಂದ್ರೆ ಹೊಡೀರಿ. ಒಂದೊಂದಕ್ಕೂ ಯೋಚ್ನೆ ಮಾಡ್ತಾ ಕೂತ್ರೆ ಈ ಕಟ್ಟು ಮುಗಿಯೋದ್ಯಾವಾಗ?" ಎಂದರು.

ಜಗಳ ಆಡಬೇಕಿತ್ತು. ಮಕ್ಕಳ ಮುಂದೆ ಹಾರಾಡುವ ನನಗೆ ಅಲ್ಲಿ ಬಾಯೇ ಬರಲಿಲ್ಲ. ಕೆಂಪು ಪೆನ್ನಿನಲ್ಲಿ ಹೊಡೆದೆ. ಅದನ್ನೂ ಹೊಡೆದೆ, ಮುಂದಿನ ಕಟ್ಟಿನಲ್ಲಿದ್ದ ಅಂಥವನ್ನೂ ಹೊಡೆದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಸಂಜೆ ಎಲ್ಲರ ಜೊತೆ ಕಾಫಿಯನ್ನೂ ಕುಡಿದೆ, ಥೂ.

ನಮ್ಮ ಹುಡುಗಿ ವಿಜ್ಞಾನ ಒಂದರಲ್ಲೇ ಫೇಲಾದಳು. ತಾಯಿ ಹೇಳಿದಂತೆ ತೋಟಕ್ಕೆ ಹೋದಳು. ಯಾರದೋ ಹಳೇ ಗೈಡು ಇಸಿದುಕೊಂಡು, ಬಾಯಿಪಾಠ ಮಾಡಿ, ಅದೇ ವರ್ಷ ಮತ್ತೆ ಪರೀಕ್ಷೆ ಕಟ್ಟಿ ಒಳ್ಳೆಯ ಅಂಕದಲ್ಲಿ ಪಾಸಾದಳು. ಅಷ್ಟರಲ್ಲಿ ಕಾಲೇಜಿಗೆ ಸೇರುವ ಕಾಲ ಮುಗಿದಿತ್ತು. ಮುಂದಿನ ವರ್ಷ ಸೇರಿಸಿ ಎಂದು ನಾನು ಹೇಳಿಕಳಿಸಿದ್ದಕ್ಕೆ, ಇನ್ನು ಸಾಕು ಎಂದು ತಾಯಿಯಿಂದ ಉತ್ತರ ಬಂತು.

ಒಮ್ಮೆ ಬಿಕ್ಕೋಡಿನಲ್ಲಿ ಬಸ್ಸಿಗೆ ಕಾಯುವಾಗ ಆ ಹುಡುಗಿ ಸಿಕ್ಕಳು. ಕೈಯಲ್ಲಿ ಊಟದ ಡಬ್ಬಿ, ತೋಟದ ಜೀಪಿಗೆ ಕಾಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಗೈಡನ್ನೇ ಕೊಡಿಸಬೇಕಿತ್ತು, ತಪ್ಪು ನನ್ನದೇ ಎಂದೆ.

"ನಿಮ್ದೇನ್ ತಪ್ಪು ಬುಡಿ ಸಾ" ಎಂದಳು. "ನನ್ ಪೇಪರ್ರು ನಿಮ್ ಕೈಗೆ ಸಿಕ್ಕಿದ್ರೆ ಪಾಸಾಯ್ತಿದ್ದೆ."

ಹೌದು ಕಣಮ್ಮ, ಎಂದುಬಿಟ್ಟೆ.