ಹನ್ನೊಂದು ಹೆಬ್ಬೆಟ್ಟು

ಕೆದಂಬಾಡಿಯ ವಸುಮತಿ ನಾಲ್ಕು ಜನರೆದುರು ಮಾತಾಡಿದ್ದನ್ನು ಈಗಿನವರು ಯಾರೂ ಕಂಡಿಲ್ಲ. ಪುತ್ತೂರಿನ ಕಾಲೇಜಿನಲ್ಲಿ ಅವಳಷ್ಟು ಬಾಯಿ ಇದ್ದವಳು ಬೇರೆ ಇರಲಿಲ್ಲ ಎಂದರೆ ನಗುತ್ತಾರೆ. ಜೊತೆಗೆ ಓದಿದ ನನಗೆ ಕಾರಣ ಗೊತ್ತು.

೧೯೬೮ರಲ್ಲಿ ಆಫ್ರಿಕದ ಬಿಯಾಫ್ರಾದ ಮಕ್ಕಳ ಫೋಟೋ ಪತ್ರಿಕೆಯಲ್ಲಿ ಬಂತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿದ್ದು. ಮರುದಿನವೇ ಅವಳು ಬಸ್‌ಸ್ಟ್ಯಾಂಡಿನ ಕಟ್ಟೆ ಹತ್ತಿದಳು.

"ಅನ್ನ ತಡೆದು ಒಂದು ಜನಾಂಗವನ್ನೇ ಮುಗಿಸ್ತಾ ಇದ್ದಾರೆ. ನೋಡಿಯೂ ಸುಮ್ಮನಿದ್ದರೆ ನಾವೂ ಕೊಂದ ಹಾಗೆ ಅಲ್ವಾ?"

ಸುಬ್ರಹ್ಮಣ್ಯಕ್ಕೆ ಹೊರಟವರು ಬಸ್ಸಿನ ಕಿಟಕಿಯಿಂದಲೇ ಕೈ ಚಾಚಿ ಸಹಿ ಹಾಕಿದರು.

ಒಬ್ಬೊಬ್ಬರದ್ದೂ ಬೇರೆ ಹಾಳೆಯಾಗಿ, ದಿಲ್ಲಿಗೆ ಮನವಿಗಳ ದೊಡ್ಡ ಕಟ್ಟೇ ಹೋಗಬೇಕು ಎಂಬುದು ಅವಳ ಹಟ. ಅಕ್ಷರ ಚಂದ ಎಂದು ಬರೆಯುವ ಕೆಲಸ ನನ್ನ ತಲೆಗೆ ಬಂತು. ನಾನೋ ಸೋಮಾರಿ. "ಮೊದಲು ಸಹಿ ತಾ. ಮೇಲೆ ಜಾಗ ಬಿಡು, ಆಮೇಲೆ ಬರೆಯುವ" ಎಂದೆ.

ಅವಳ ಅಪ್ಪ ಯಜ್ಞೇಶ್ವರ ಭಟ್ಟರಿಗೆ ಹನ್ನೊಂದು ಒಕ್ಕಲು. ಗೇಣಿದಾರರಿಗೆ ಹಕ್ಕು ಕೊಡುವ ಕಾನೂನು ಬಂದ ಮೇಲೆ ಅವರಲ್ಲಿ ಒಬ್ಬನೂ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಒತ್ತಿದರೆ ಗದ್ದೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ವಸುಮತಿ ತೋರಿಸಿದ ಫೋಟೋವನ್ನು ಹಿರಿಯ ಒಕ್ಕಲು ಡೊಂಬಯ್ಯ ಬಹಳ ಹೊತ್ತು ನೋಡಿದ.

"ಇವಕ್ಕೆ ಗಂಜಿಯೂ ಇಲ್ಲವಾ ಅಕ್ಕಾ? ಎಲ್ಲಿ ಒತ್ತುದು ಹೇಳಿ."

ಅವನನ್ನು ನೋಡಿ ಉಳಿದ ಹತ್ತು ಮಂದಿಯೂ ಒತ್ತಿದರು.

ಭಾನುವಾರ ಹಾಳೆ ತರಲು ನಾನು ಅವಳ ಮನೆಗೆ ಹೋದಾಗ ಅವಳ ಮುಖ ಬಿಳುಚಿಕೊಂಡಿತ್ತು. ಹಾಳೆಗಳು ಅಪ್ಪನ ಕೈಯಲ್ಲಿದ್ದವು. ಖಾಲಿ ಬಿಟ್ಟ ಜಾಗದಲ್ಲಿ 'ಗೇಣಿಯ ಗದ್ದೆಯನ್ನು ಒಪ್ಪಿ ಬಿಟ್ಟುಕೊಟ್ಟಿದ್ದೇನೆ' ಎಂದು ಬರೆದೂ ಆಗಿತ್ತು.

"ಮೂರು ವರ್ಷದಿಂದ ನನ್ನಿಂದ ಆಗದ್ದನ್ನು ನೀನು ಒಂದೇ ದಿನದಲ್ಲಿ ಮಾಡಿದೆ ಮಗಳೇ" ಎಂದು ಭಟ್ಟರು ಪ್ರೀತಿಯಿಂದಲೇ ಹೇಳಿದರು. "ಬೇಕಾದರೆ ಹೋಗಿ ಹೇಳು. ಅಪ್ಪನಿಗೆ ಕೋಳ ಹಾಕ್ತಾರೆ. ಒತ್ತಿಸಿಕೊಂಡು ಬಂದದ್ದು ನೀನು, ನಿನ್ನನ್ನು ಬಿಡ್ತಾರಾ?"

ಅಷ್ಟರಲ್ಲಿ ಅವರು ಹೇಳಿಕಳಿಸಿದ್ದ ಪಟೇಲರು ಬಂದರು. ಒಕ್ಕಲುಗಳನ್ನು ಅಂಗಳದಲ್ಲಿ ನಿಲ್ಲಿಸಿ ಕಾಗದ ಓದಿದರು. ಡೊಂಬಯ್ಯ ನಕ್ಕೇಬಿಟ್ಟ. ವಸುಮತಿಯ ಕಡೆ ತಿರುಗಿದ.

"ನಾನು ಒತ್ತಿದ್ದು ಆ ಮಕ್ಕಳ ಕಾಗದಕ್ಕೆ ಮಾತ್ರ. ನೀವೇ ಒಂದು ಮಾತು ಹೇಳಿ ಅಕ್ಕಾ."

ಬಸ್‌ಸ್ಟ್ಯಾಂಡನ್ನೇ ನಡುಗಿಸಿದವಳು ಬಾಯಿ ತೆರೆದಳು. ಅಪ್ಪನನ್ನು ನೋಡಿದಳು. ಬಾಗಿಲ ಸಂದಿಯಲ್ಲಿ ನಿಂತ ಅಮ್ಮನನ್ನು ನೋಡಿದಳು. ಮಾತು ಹೊರಡಲಿಲ್ಲ. ನನಗೆ ಯಾವ ಕೋಳದ ಭಯವೂ ಇರಲಿಲ್ಲ. ಆದರೂ ನಾನು ಸುಮ್ಮನಿದ್ದೆ. ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಡೊಂಬಯ್ಯ ಹೆಗಲ ಬೈರಾಸು ಕೊಡವಿ ಹೊರಟವನು ಬೇಲಿಯ ದಣಪೆ ದಾಟುವ ಮೊದಲು ನಿಂತ.

"ಆ ಮಕ್ಕಳ ಕಾಗದ ದಿಲ್ಲಿಗೆ ಹೋಯಿತಲ್ವಾ ಅಕ್ಕಾ?"

"ಹೋಯಿತು" ಎಂದಳು ವಸುಮತಿ.