ಕಾಕಾ ಪಾಸಾದ ಪರೀಕ್ಷೆ

ನಾನು ಮೆಟ್ರಿಕ್ ಪಾಸಾದಾಗ ಎರಡನೆಯ ಮಹಾಯುದ್ಧ ನಡೆದಿತ್ತು. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಗುಳಿಗೆ ಸಿಗುವುದು ದುರ್ಲಭವಾಗಿತ್ತು. ಸರಿಯಾಗಿ ಅದೇ ಹೊತ್ತಿಗೆ ನನಗೆ ಚಳಿಜ್ವರ ಬಂತು. ಅಪ್ಪ ಮೂಡಲಗಿಯಲ್ಲಿ ಸಾಲೆಯ ಮಾಸ್ತರರು. ನನ್ನನ್ನು ಚಕ್ಕಡಿಯಲ್ಲಿ ಮಲಗಿಸಿ ಗೋಕಾಕದ ದವಾಖಾನೆಗೆ ಕರೆದೊಯ್ದರು. ಡಾಕ್ಟರು ನನ್ನ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜ್ವರದಲ್ಲೂ ನಾನು ಕತ್ತು ಚಾಚಿದ್ದನ್ನು ಕಂಡು ನಕ್ಕರು.

"ಬಾ ತಂಗಿ, ನಿನ್ನ ಜ್ವರಾ ನೀನ ನೋಡು."

ಕೆಂಪು ಬಿಲ್ಲೆಗಳ ನಡುವೆ ಒಂದು ಪುಟ್ಟ ನೀಲಿ ಉಂಗುರ. ನನ್ನನ್ನು ಮೂರು ದಿನ ನಡುಗಿಸಿದ್ದು ಇಷ್ಟೇ ಇಷ್ಟು ಎಂದು ನನಗೆ ಸಿಟ್ಟೂ ಬಂತು, ಬೆರಗೂ ಆಯಿತು.

"ಇದನ್ನ ನೋಡೂದ ಒಂದು ನೌಕರಿ ಐತೇನ್ರಿ?" ಎಂದು ಕೇಳಿದೆ.

"ದೊಡ್ಡ ದವಾಖಾನ್ಯಾಗ ಐತಿ. ಇಲ್ಲಿ ಡಾಕ್ಟರೂ ನಾನ, ನೋಡಾವನೂ ನಾನ."

ಮನೆಗೆ ಬಂದು ನಾನು ಹಟ ಹಿಡಿದೆ. ಅಪ್ಪ ಬೇಡವೆನ್ನಲಿಲ್ಲ, ಆದರೆ ಅದಕ್ಕೆ ಏನು ಓದಬೇಕೆಂಬುದು ಅವರಿಗೂ ತಿಳಿಯದು. ಹುಕ್ಕೇರಿಯ ಕಾಕಾನಿಗೆ ಪತ್ರ ಬರೆದರು. ಅಪ್ಪನ ಈ ತಮ್ಮನದು ಅರಿವೆ ಅಂಗಡಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪತ್ರಿಕೆಗಳನ್ನು ಜಾಹೀರಾತು ಸಮೇತ ಓದುತ್ತಿದ್ದುದರಿಂದ, ಜಗತ್ತಿನಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ಅವನ ನಂಬಿಕೆ. ಮರುವಾರವೇ ರಕ್ತಪರೀಕ್ಷೆ ಕಲಿಸುವ ಒಂದು ಟಪಾಲು ಶಾಲೆಯ ಜಾಹೀರಾತು ಕತ್ತರಿಸಿಕೊಂಡು ಬಂದ.

"ಕಾಲೇಜಿಗೆ ಹೋದ್ರ ನಾಕ ವರ್ಷ. ಇದು ಆರ ತಿಂಗಳ! ಎಲ್ಲಾ ಟಪಾಲಿನ್ಯಾಗ. ಹುಡುಗಿ ಹೊಚ್ಚಲಾ ದಾಟೂದ ಬ್ಯಾಡ."

"ಸೂಕ್ಷ್ಮದರ್ಶಕಾನೂ ಟಪಾಲಿನ್ಯಾಗ ಬರ್ತೈತೇನ ಕಾಕಾ?"

"ಅದರ ಚಿತ್ರಾ ಬರ್ತೈತಿ."

ಅಪ್ಪ ಮೀಸೆಯಲ್ಲೇ ನಕ್ಕರು. ಕಾಕಾನಿಗೆ ಅದು ತಾಗಿತು. "ನಗ್ರಿ ನಗ್ರಿ. ಮದಲ ನಾನ ಓದಿ ಪಾಸಾಗಿ ತೋರಸ್ತೇನಿ" ಎಂದು ಹೇಳಿ ಹೋದವನು ಖರೆಯಾಗಿಯೂ ತನ್ನ ಹೆಸರು ಹಚ್ಚಿಬಿಟ್ಟ. ಧೋತರ ಹರಿದುಕೊಡುತ್ತ, ನಡುನಡುವೆ ಉತ್ತರ ಬರೆದ. ಸೂಕ್ಷ್ಮದರ್ಶಕದ ಗಾಜನ್ನು ಯಾವುದರಿಂದ ಒರೆಸಬೇಕು ಎಂಬ ಪ್ರಶ್ನೆಗೆ, ಮಲ್ಮಲ್ ಬಟ್ಟೆಯಲ್ಲಿ ಎಷ್ಟು ತರ, ಅದರಲ್ಲಿ ಯಾವುದು ನಯ ಎಂದು ಎರಡು ಪುಟ ಬರೆದನಂತೆ. ಆರು ತಿಂಗಳಿಗೆ ಮೊದಲ ದರ್ಜೆಯಲ್ಲಿ ಪಾಸಾದ. ಕೆಂಪು ರಿಬ್ಬನ್ನು, ಬಂಗಾರ ಬಣ್ಣದ ಮುದ್ರೆ ಇದ್ದ ಸರ್ಟಿಫಿಕೇಟು ಬಂತು. ಅದಕ್ಕೆ ಕಟ್ಟು ಹಾಕಿಸಿ ಬಗಲಲ್ಲಿಟ್ಟುಕೊಂಡು, ಅಪ್ಪನನ್ನೂ ನನ್ನನ್ನೂ ಗೋಕಾಕದ ಡಾಕ್ಟರರ ಮುಂದೆ ತಂದು ನಿಲ್ಲಿಸಿದ.

ಡಾಕ್ಟರು ಅದನ್ನು ಗಂಭೀರವಾಗಿ ಓದಿದರು. ಗೇಲಿ ಮಾಡಲಿಲ್ಲ. "ಬರ್ರಿ ಸಾವಕಾರ್ರ, ಹಂಗಾರ ಒಂಚೂರು ನೋಡ್ರಿ" ಎಂದು ಸೂಕ್ಷ್ಮದರ್ಶಕದ ಮುಂದೆ ಕುರ್ಚಿ ಎಳೆದುಕೊಟ್ಟರು.

ಕಾಕಾ ತಲೆಯ ರುಮಾಲು ತೆಗೆದು ನನ್ನ ಕೈಗೆ ಕೊಟ್ಟು, ಕಣ್ಣು ಹಚ್ಚಿದ. ಹಚ್ಚಿದವನೇ ಹಿಂದೆ ಸರಿದ.

"ಅಯ್ಯಯ್ಯ! ಇದಕ್ಕ ಕಾಲ ಅದಾವ್ರಿ! ಕರೀ ಕಾಲ! ಝಾಡಿಸಾಕತ್ತೈತಿ!"

"ಕಣ್ಣ ಮಿಟಕಸಬ್ಯಾಡ್ರಿ."

ಕಾಕಾ ಉಸಿರು ಹಿಡಿದು ಮತ್ತೆ ನೋಡಿದ. "ಈಗ ಸುಮ್ಮನಾತು ನೋಡ್ರಿ. ಸತ್ತಿರಬೇಕ."

"ಸತ್ತಿಲ್ರಿ. ಅದು ನಿಮ್ಮ ರೆಪ್ಪಿ ಕೂದಲಾ."

ಅಪ್ಪ ಕಿಟಕಿಯತ್ತ ಮುಖ ತಿರುಗಿಸಿದರು. ನಾನು ರುಮಾಲನ್ನು ಬಾಯಿಗೆ ಒತ್ತಿಕೊಂಡೆ. ಆದರೆ ಎಲ್ಲರಿಗಿಂತ ಮೊದಲು ನಕ್ಕವನು ಕಾಕಾನೇ. ನಗು ನಿಂತ ಮೇಲೆ ಸಣ್ಣ ದನಿಯಲ್ಲಿ ಕೇಳಿದ: "ಮತ್ತ ನನ್ನ ಪಾಸ್ ಮಾಡಿದಾವ್ರು ಯಾರ್ರಿ?"

"ದವಾಖಾನ್ಯಾವ್ರೂ ಅದನ್ನ ಕೇಳ್ತಾರ್ರಿ," ಎಂದರು ಡಾಕ್ಟರು. "ಕೊಟ್ಟಾವ್ರು ಯಾರು, ಅವರಿಗೆ ಸರಕಾರದ ಮಾನ್ಯತಾ ಐತೋ ಇಲ್ಲೋ ಅಂತ. ಮದಲ ನೌಕರಿ ಕೊಡಾವ್ರನ್ನ ಕೇಳ್ರಿ, ಆಮ್ಯಾಗ ಕಲಿಸಾವ್ರನ್ನ ಹುಡುಕ್ರಿ."

ಅಪ್ಪ ಮುಂಬೈ, ಪುಣೆಗಳ ಎರಡು ದೊಡ್ಡ ಆಸ್ಪತ್ರೆಗಳಿಗೆ ಪತ್ರ ಬರೆದರು. ಪುಣೆಯಿಂದ ಉತ್ತರವೇ ಬರಲಿಲ್ಲ. ಮುಂಬೈಯವರು ನಾಲ್ಕು ಸಾಲು ಬರೆದಿದ್ದರು: ಮಾನ್ಯತೆ ಇರುವ ವಿಶ್ವವಿದ್ಯಾಲಯದ ಬಿ.ಎಸ್ಸಿ. ಆಗಬೇಕು, ಆಮೇಲೆ ನಮ್ಮ ಪ್ರಯೋಗಾಲಯದಲ್ಲಿ ಒಂದು ವರ್ಷ ತರಬೇತಿ.

ನನ್ನನ್ನು ಕೊಲ್ಲಾಪುರದ ಕಾಲೇಜಿಗೆ ಸೇರಿಸಲು ಕಾಕಾನೇ ಬಂದ. ಒಮ್ಮೆ ಕೈ ಸುಟ್ಟುಕೊಂಡವನಲ್ಲವೇ, ಈಗ ಅವನಷ್ಟು ಬಿಗಿಯಾದ ತಪಾಸಣೆಯವನು ಬೇರೆ ಇರಲಿಲ್ಲ. ಕಾಲೇಜಿನ ಕಾರಕೂನರ ಮೇಜಿನ ಮುಂದೆ ನಿಂತು, ನಿಮಗೆ ಮಾನ್ಯತೆ ಇದೆಯೇ, ಇದ್ದರೆ ಕಾಗದ ತೋರಿಸಿ ಎಂದು ಮರಾಠಿಯಲ್ಲಿ ಕೇಳಿದ. ಆ ಕಲ್ಲಿನ ಕಟ್ಟಡವನ್ನು ಹಾಗೆ ಯಾರೂ ಕೇಳಿರಲಿಕ್ಕಿಲ್ಲ. ನಾನು ನಾಚಿ ಕಂಬದ ಹಿಂದೆ ಸರಿದೆ. ಕಾರಕೂನರು ಕನ್ನಡಕ ಏರಿಸಿ ಅವನನ್ನು ನೋಡಿ, ಏನನ್ನಿಸಿತೋ, ಎದ್ದು ಹೋಗಿ ಕಪಾಟಿನಿಂದ ಕಾಗದ ತಂದರು. ಕಾಕಾ ಅದನ್ನು ಬೆಳಕಿಗೆ ಹಿಡಿದು ಓದಿ, "ಆತು, ಹೆಸರ ಹಚ್ಚು" ಎಂದು ನನಗೆ ಹೇಳಿದ.

ಪದವಿಗೆ ನಾಲ್ಕು ವರ್ಷ ಬೇಕಾಯಿತು. ರಸಾಯನಶಾಸ್ತ್ರ ನನ್ನನ್ನು ಸಾಕಷ್ಟು ಅಳಿಸಿತು. ಆಮೇಲೆ ಮುಂಬೈ. ಅಲ್ಲಿ ಮೊದಲ ಮೂರು ತಿಂಗಳು ನನಗೆ ಕೊಟ್ಟದ್ದು ಗಾಜಿನ ಕೊಳವೆ ತೊಳೆಯುವ ಕೆಲಸ. ಅದನ್ನೇ ಮನೆಗೆ ಬರೆದೆ. ಅಪ್ಪ ಉತ್ತರಿಸಿದರು: "ಮುಸುರಿ ತಿಕ್ಕಾಕ ಬಿ.ಎಸ್ಸಿ. ಯಾಕ ಬೇಕಾಗಿತ್ತು, ಮನ್ಯಾಗ ಭಾಂಡೆ ಇರಲಿಲ್ಲೇನು ಎಂದು ನಿನ್ನ ಅವ್ವ ಕೇಳುತ್ತಿದ್ದಾಳೆ. ಅವಳಿಗೆ ಉತ್ತರ ನೀನೇ ಬರೆ."

ನಾಲ್ಕನೆಯ ತಿಂಗಳು ಮೊದಲ ಸಲ ರಕ್ತ ಸವರಿದ ಒಂದು ಗಾಜಿನ ಪಟ್ಟಿಯನ್ನು ನನ್ನ ಮುಂದಿಟ್ಟರು. ಅರ್ಧ ತಾಸು ನೋಡಿದೆ, ಕಣಗಳನ್ನು ಎಣಿಸಿದೆ, ಮತ್ತೆ ಎಣಿಸಿದೆ. ವರದಿ ಬರೆದು ಕೆಳಗೆ ಸಹಿ ಹಾಕಿದೆ. ದೊಡ್ಡ ಡಾಕ್ಟರು ಅದನ್ನು ಓದಿ, ಒಂದಕ್ಷರವನ್ನೂ ತಿದ್ದದೆ ವಾರ್ಡಿಗೆ ಕಳಿಸಿದರು. ಅವ್ವನ ಪ್ರಶ್ನೆಗೆ ಅವತ್ತೇ ಉತ್ತರ ಬರೆದೆ.